ಬೆಕ್ಕಿನ ವ್ಯಾಯಾಮದ ಯಂತ್ರ: ಲೇಸರ್ ಬದಲು ಏನು, ಯಾವ ಸೆನ್ಸರ್, ಸರ್ವೋ ಉಳಿಸೋದು ಹೇಗೆ?

ಪ್ರಶ್ನೆ: ಬ್ರೆಡ್‌ಬೋರ್ಡ್_ಬಸವನಗುಡಿ

ನಮಸ್ಕಾರ. ಫ್ಲ್ಯಾಟ್ ಒಳಗೇ ಇರೋ ಬೆಕ್ಕನ್ನ ತಾನಾಗೇ ಆಡಿಸೋ ಒಂದು ಯಂತ್ರದ ಪ್ರೋಟೋಟೈಪ್ ಮಾಡ್ತಾ ಇದೀನಿ. ಗಂಡು ಬೆಕ್ಕು, 4 ವರ್ಷ, ಸಂತಾನಹರಣ ಆಪರೇಷನ್ ಆಗಿದೆ, ತೂಕ 5.2 ಕೆ.ಜಿ. ಇದನ್ನ 4.5ಕ್ಕೆ ಇಳಿಸಬೇಕು ಅಂತ ಡಾಕ್ಟರ್ ಹೇಳಿದಾರೆ.

ಈಗಿನ ಜೋಡಣೆ: ಇಎಸ್‌ಪಿ32 ಡೆವ್ ಬೋರ್ಡ್ (ವೈಫೈ ಇರೋ ಪುಟ್ಟ ಕಂಟ್ರೋಲರ್), ಎಡಬಲ ಮತ್ತು ಮೇಲೆಕೆಳಗೆ ತಿರುಗಿಸೋಕೆ ಎರಡು ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲೋ ಸಣ್ಣ ಮೋಟಾರ್), ಅದರ ಮೇಲೆ ಕೆವೈ-008 ಕೆಂಪು ಲೇಸರ್. ಬೆಕ್ಕು ಬಂತಾ ಅಂತ ನೋಡೋಕೆ ಎಚ್‌ಸಿ-ಎಸ್‌ಆರ್501 ಪಿಐಆರ್ (ಮೈಬಿಸಿಯ ಚಲನೆ ಗುರುತಿಸೋ ಸೆನ್ಸರ್), ಎಷ್ಟು ದೂರ ಇದೆ ಅಂತ ಅಳೆಯೋಕೆ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್. ಪವರ್‌ಗೆ ಒಂದು 18650 ಲಿಥಿಯಂ ಸೆಲ್, ಟಿಪಿ4056 ಚಾರ್ಜರ್, ವೋಲ್ಟೇಜನ್ನ 5ಕ್ಕೆ ಏರಿಸೋ ಬೂಸ್ಟ್ ಮಾಡ್ಯೂಲ್.

ತೊಂದರೆಗಳು ಇವು:
1. ಎರಡು ಸರ್ವೋ ಒಟ್ಟಿಗೆ ತಿರುಗಿದ ತಕ್ಷಣ ಬೋರ್ಡ್ ರೀಸೆಟ್ ಆಗುತ್ತೆ.
2. ಬೆಕ್ಕು ಇಲ್ಲದಿದ್ರೂ ಪಿಐಆರ್ ಆಗಾಗ ಟ್ರಿಗರ್ ಆಗುತ್ತೆ.
3. ಯಂತ್ರ ಆನ್ ಮಾಡಿದ್ರೆ ಬೆಕ್ಕು ಕಿವಿ ಹಿಂದಕ್ಕೆ ತಿರುಗಿಸ್ಕೊಂಡು ದೂರ ಹೋಗಿ ಕೂರುತ್ತೆ, ಲೇಸರ್ ಹಾಕದಿದ್ರೂ ಅಷ್ಟೇ.
4. ಲೇಸರ್ ಆಟ ಮುಗಿದ ಮೇಲೆ ತುಂಬಾ ಹೊತ್ತು ಗೋಡೆ ನೋಡ್ತಾ ಕೂಗುತ್ತೆ.

ದಿನಕ್ಕೆ ಮೂರ್ನಾಲ್ಕು ಸಲ ಆಡಿಸಬೇಕು, ಎಷ್ಟು ಆಡಿತು ಅನ್ನೋ ಲೆಕ್ಕ ಬೇಕು. ವಿನ್ಯಾಸದಲ್ಲಿ ಏನು ಬದಲಾಯಿಸಬೇಕು ಹೇಳಿ. ಬೆಂಗಳೂರಿನ ಎಸ್.ಪಿ. ರೋಡ್ ಅಂಗಡಿಗಳಲ್ಲಿ ಸಿಗೋ ಸಾಮಾನಲ್ಲೇ ಆದ್ರೆ ಒಳ್ಳೇದು.

ಉತ್ತರ 1: ಪಶುವೈದ್ಯೆ_ಮೈಸೂರು

ಎಲೆಕ್ಟ್ರಾನಿಕ್ಸ್ ವಿಷಯ ಬಲ್ಲವರು ಹೇಳುತ್ತಾರೆ. ನಾನು ಬೆಕ್ಕಿನ ಪರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ನಾಲ್ಕನೇ ತೊಂದರೆಯೇ ಇಡೀ ವಿನ್ಯಾಸವನ್ನು ತೀರ್ಮಾನಿಸಬೇಕು.

ಬೆಕ್ಕಿನ ಬೇಟೆಗೆ ಒಂದು ಕ್ರಮವಿದೆ: ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು, ಎರಗುವುದು, ಹಿಡಿದು ಕಚ್ಚುವುದು. ಲೇಸರ್ ಚುಕ್ಕೆ ಮೊದಲ ನಾಲ್ಕನ್ನು ಕೆರಳಿಸಿ ಐದನೆಯದನ್ನು ಕೊಡುವುದೇ ಇಲ್ಲ. ಪಂಜದ ಕೆಳಗೆ ಏನೂ ಸಿಗದ ಬೆಕ್ಕು ಹುಡುಕುತ್ತಲೇ ಇರುತ್ತದೆ. ಕೋಗನ್ ಮತ್ತು ಗ್ರಿಗ್ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಲೇಸರ್ ಆಟ ಹೆಚ್ಚು ಆಡುವ ಬೆಕ್ಕುಗಳಲ್ಲಿ ಬೆಳಕು-ನೆರಳಿನ ಹಿಂದೆ ಓಡುವಂಥ ಗೀಳಿನ ವರ್ತನೆ ಹೆಚ್ಚು ಕಂಡುಬಂದಿತ್ತು. ಮಾಲೀಕರು ಹೇಳಿದ್ದನ್ನು ಆಧರಿಸಿದ ಸಮೀಕ್ಷೆ ಅದು, ಲೇಸರೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೂ ಯಾರೂ ಪಕ್ಕದಲ್ಲಿಲ್ಲದೆ ತಾನೇ ಓಡುವ ಯಂತ್ರಕ್ಕೆ ಲೇಸರ್ ಬೇಡ ಎನ್ನಲು ನನಗೆ ಅಷ್ಟು ಸಾಕು. ಕಣ್ಣಿನ ಅಪಾಯ ಬೇರೆ. ಆ ಮಾಡ್ಯೂಲುಗಳನ್ನು 5 ಮಿಲಿವ್ಯಾಟ್ ಎಂದು ಮಾರುತ್ತಾರೆ. ಕಣ್ಣು ರೆಪ್ಪೆ ಮಿಟುಕಿಸುವಷ್ಟರಲ್ಲಿ ಹಾನಿಯಾಗದು ಎನ್ನುವ ಎರಡನೇ ದರ್ಜೆಯ ಲೇಸರಿನ ಮಿತಿ 1 ಮಿಲಿವ್ಯಾಟ್. ಪಾಲಿಶ್ ಮಾಡಿದ ವಿಟ್ರಿಫೈಡ್ ಟೈಲ್ಸ್ ಮೇಲೆ ಓರೆಯಾಗಿ ಬಿದ್ದ ಕಿರಣ ನೇರವಾಗಿ ಬೆಕ್ಕಿನ ಮುಖದ ಎತ್ತರಕ್ಕೇ ಪುಟಿಯುತ್ತದೆ.

ಹಾಗಾಗಿ ಹಿಡಿಯಲು ಬರುವ ಗರಿ ಅಥವಾ ಬಟ್ಟೆಯ ಕುಚ್ಚು ಇರಲಿ. ಅದು ಬೆಕ್ಕಿನ ಕಡೆಗೆ ಬರಬಾರದು. ಇಲಿ ಬೆಕ್ಕಿನತ್ತ ಓಡುವುದಿಲ್ಲ. ಬೆಕ್ಕಿನಿಂದ ದೂರ ಸರಿಯಬೇಕು, ಥಟ್ಟನೆ ನಿಲ್ಲಬೇಕು, ಸಣ್ಣಗೆ ಅಲುಗಬೇಕು, ಒಂದು ರಟ್ಟಿನ ಮರೆಗೆ ಹೋಗಿ ಇಣುಕಬೇಕು. 5ರಿಂದ 15 ಸೆಕೆಂಡು ಚಲನೆ, 3ರಿಂದ 8 ಸೆಕೆಂಡು ನಿಲುಗಡೆ. ಒಂದು ಆಟ 5ರಿಂದ 8 ನಿಮಿಷಕ್ಕಿಂತ ಹೆಚ್ಚು ಬೇಡ, ಬೆಕ್ಕು ದೀರ್ಘ ಓಟದ ಪ್ರಾಣಿಯಲ್ಲ. ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೆಂಪು ಅದಕ್ಕೆ ಮಂಕಾಗಿಯೇ ಕಾಣುತ್ತದೆ. ನೆಲದ ಬಣ್ಣಕ್ಕೆ ಎದ್ದು ಕಾಣುವಂತಿದ್ದರೆ ಸಾಕು.

ಹಾಲ್, ಬ್ರಾಡ್‌ಶಾ ಮತ್ತು ರಾಬಿನ್‌ಸನ್ 2002ರಲ್ಲಿ ತೋರಿಸಿದ್ದು ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅದೇ ಆಟಿಕೆ ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿನ ಉತ್ಸಾಹ ಇಳಿಯುತ್ತದೆ. ಸ್ವಲ್ಪ ಬಿಡುವು ಕೊಟ್ಟು ಬೇರೆ ಥರದ ಆಟಿಕೆ ಮುಂದಿಟ್ಟರೆ ಮತ್ತೆ ಜೋರಾಗಿ ಆಡುತ್ತದೆ. ಅಂದರೆ ಕುಚ್ಚು ಬದಲಾಯಿಸುವುದು ಸುಲಭವಾಗಿರಬೇಕು. ಗರಿ, ಮೊಲದ ತುಪ್ಪಳದಂಥ ಬಟ್ಟೆ, ಸರಸರ ಸದ್ದಿನ ಕಾಗದ ಹೀಗೆ ಮೂರ್ನಾಲ್ಕು ಇಟ್ಟುಕೊಂಡು ಸರದಿಯಲ್ಲಿ ಹಾಕಿ. ಹಸಿದ ಬೆಕ್ಕು ಹೆಚ್ಚು ಆಡುತ್ತದೆ, ಆದ್ದರಿಂದ ಆಟದ ಸಮಯ ಊಟಕ್ಕೆ ಸ್ವಲ್ಪ ಮುಂಚೆ, ಮುಂಜಾನೆ ಮತ್ತು ಮುಸ್ಸಂಜೆಗೆ ಹೊಂದಿಸಿ.

ಖಡಾಖಂಡಿತವಾಗಿ ಬೇಡವಾದದ್ದು ದಾರ. ತೆಳು ದಾರ, ಉಣ್ಣೆಯ ಎಳೆ, ರಿಬ್ಬನ್ ಯಾವುದೂ ಬೇಡ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿರುವುದರಿಂದ ಬಾಯಿಗೆ ಹೋದ ದಾರ ಒಳಕ್ಕೇ ಸಾಗುತ್ತದೆ. ಕರುಳು ಅದರ ಮೇಲೆ ನೆರಿಗೆಯಂತೆ ಮುದುಡಿ, ದಾರ ಗೋಡೆಯನ್ನು ಕೊಯ್ಯುತ್ತದೆ. ಹೊಟ್ಟೆ ತೆರೆದೇ ತೆಗೆಯಬೇಕಾಗುತ್ತದೆ. ಸಣ್ಣ ಮ್ಯಾಗ್ನೆಟ್ ಮತ್ತು ಬಟನ್ ಸೆಲ್ ಕೂಡ ಬಾಯಿಗೆ ಸಿಗುವ ಜಾಗದಲ್ಲಿ ಇರಬಾರದು. ಎರಡು ಮ್ಯಾಗ್ನೆಟ್ ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ನಡುವೆ ಒತ್ತಿ ಹಿಡಿದು ತೂತು ಮಾಡುತ್ತವೆ.

ಆಡುವಾಗ ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ನಿಲ್ಲಿಸಿ ಹೃದಯ ಪರೀಕ್ಷೆ ಮಾಡಿಸಿ. ಅದನ್ನು ನಾಯಿಯ ಏದುಸಿರಿನಂತೆ ಸಹಜ ಎಂದುಕೊಳ್ಳಬೇಡಿ.

ಉತ್ತರ 2: ತಾಮ್ರದ_ತಂತಿ

ಮೂರನೇ ತೊಂದರೆಗೆ ಕಾರಣ ನಿಮ್ಮ ಎಚ್‌ಸಿ-ಎಸ್‌ಆರ್04. ಅದು 40 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತೆ. ನಮಗೆ 20ರ ಮೇಲೆ ಕೇಳಲ್ಲ, ಬೆಕ್ಕಿಗೆ ಸುಮಾರು 85 ಕಿಲೋಹರ್ಟ್ಸ್ ತನಕ ಕೇಳುತ್ತೆ. ಸೆಕೆಂಡಿಗೆ ಹತ್ತು ಸಲ ಅಳತೆ ತಗೊಂಡ್ರೆ ಅದರ ಮುಖಕ್ಕೆ ಸೆಕೆಂಡಿಗೆ ಹತ್ತು ಸಲ ಜೋರಾಗಿ ಶಿಳ್ಳೆ ಹಾಕಿದ ಹಾಗೆ. ತೆಗೆದುಹಾಕಿ.

ಬದಲಿಗೆ ಎರಡು ವಿಎಲ್53ಎಲ್0ಎಕ್ಸ್ ದೂರದ ಸೆನ್ಸರ್ ಹಾಕಿ, ಒಂದು ಎಡಕ್ಕೆ, ಒಂದು ಬಲಕ್ಕೆ. 940 ನ್ಯಾನೋಮೀಟರ್ ಅವಗೆಂಪು ಬೆಳಕಲ್ಲಿ ದೂರ ಅಳೆಯುತ್ತೆ, ಸದ್ದಿಲ್ಲ, ಒಂದನೇ ದರ್ಜೆಯ ಲೇಸರ್ ಆದ್ದರಿಂದ ಕಣ್ಣಿಗೂ ಅಪಾಯ ಇಲ್ಲ. ಸಾಧಾರಣ ಕ್ರಮದಲ್ಲಿ 1.2 ಮೀಟರ್ ತನಕ ನಂಬಬಹುದು. ಕಪ್ಪು ಬೆಕ್ಕಾದ್ರೆ ತುಪ್ಪಳ ಬೆಳಕನ್ನ ಹೀರೋದ್ರಿಂದ ಅದಕ್ಕಿಂತ ಕಡಿಮೆ. ಕಿಟಕಿ ಬಿಸಿಲು ನೇರವಾಗಿ ಬೀಳೋ ಕಡೆ ಇಡಬೇಡಿ.

ಕೂರಿಸೋ ಕೋನ ಮುಖ್ಯ. ಇದರ ನೋಟ 25 ಡಿಗ್ರಿಯ ಶಂಕು. ನೆಲದಿಂದ 12 ಸೆಂ.ಮೀ. ಎತ್ತರದಲ್ಲಿ ನೇರವಾಗಿ ಇಟ್ರೆ ಶಂಕುವಿನ ಕೆಳಅಂಚು 54 ಸೆಂ.ಮೀ. ದೂರದಲ್ಲೇ ನೆಲ ಮುಟ್ಟುತ್ತೆ, ಆಮೇಲೆ ಯಾವಾಗಲೂ "ಏನೋ ಇದೆ" ಅನ್ನುತ್ತೆ. 10 ಡಿಗ್ರಿ ಮೇಲಕ್ಕೆ ಓರೆ ಮಾಡಿದ್ರೆ ನೆಲ ಸಿಗೋದು ಎರಡೂವರೆ ಮೀಟರ್ ಆಚೆ, ಅಷ್ಟು ದೂರ ಸೆನ್ಸರ್ ನೋಡೋದೇ ಇಲ್ಲ. ಎರಡಕ್ಕೂ ಐ2ಸಿ (ಎರಡೇ ತಂತಿಯಲ್ಲಿ ಹಲವು ಸೆನ್ಸರ್ ಮಾತಾಡೋ ವ್ಯವಸ್ಥೆ) ವಿಳಾಸ ಒಂದೇ, 0ಎಕ್ಸ್29. ಶುರುವಿನಲ್ಲಿ ಎರಡನ್ನೂ ಎಕ್ಸ್‌ಶಟ್ ಪಿನ್ ಗ್ರೌಂಡಿಗೆ ಎಳೆದು ಮಲಗಿಸಿ, ಒಂದನ್ನ ಎಬ್ಬಿಸಿ 0ಎಕ್ಸ್30 ಕೊಟ್ಟು, ಆಮೇಲೆ ಇನ್ನೊಂದನ್ನ ಎಬ್ಬಿಸಿ. ಈ ವಿಳಾಸ ಪವರ್ ಹೋದ್ರೆ ಮರೆತುಹೋಗುತ್ತೆ, ಪ್ರತಿ ಸಲ ಬೂಟ್ ಆದಾಗಲೂ ಕೊಡಬೇಕು.

ಇದೇ ಕಿವಿಯ ಕಾರಣಕ್ಕೆ ಇನ್ನೊಂದು ಮಾತು. ಮೋಟಾರಿನ ಕೊಂಯ್ ಸದ್ದು ತಪ್ಪಿಸೋಕೆ ಪಿಡಬ್ಲ್ಯೂಎಂ (ಕರೆಂಟನ್ನ ವೇಗವಾಗಿ ಆನ್-ಆಫ್ ಮಾಡಿ ಮೋಟಾರ್ ನಡೆಸೋ ವಿಧಾನ) ಅನ್ನ 20 ಕಿಲೋಹರ್ಟ್ಸ್‌ಗೆ ಏರಿಸಿ ಅಂತ ಎಲ್ಲ ಕಡೆ ಬರೆದಿರ್ತಾರೆ. ಅದು ಮನುಷ್ಯರಿಗೆ ಸರಿ, ಬೆಕ್ಕಿಗೆ ಚೆನ್ನಾಗೇ ಕೇಳುತ್ತೆ. ಸ್ಟೆಪರ್ ಮೋಟಾರ್ ನಡೆಸೋ ಡ್ರೈವರುಗಳೂ ಅಷ್ಟೇ, ನಮಗೆ ನಿಶ್ಶಬ್ದ ಅನ್ನಿಸೋ ಟಿಎಂಸಿ2209 ಕೂಡ 20-40 ಕಿಲೋಹರ್ಟ್ಸ್ ಸುತ್ತಲೇ ಸ್ವಿಚ್ ಆಗುತ್ತೆ. ಸರ್ವೋಗೆ 50 ಹರ್ಟ್ಸ್ ಸಿಗ್ನಲ್ ಸಾಕು. ನಿಲುಗಡೆಯಲ್ಲಿ ಸಿಗ್ನಲ್ ನಿಲ್ಲಿಸಿಬಿಡಿ, ಗುಂಯ್‌ಗುಡೋದು ನಿಲ್ಲುತ್ತೆ.

ರೀಸೆಟ್ ವಿಷಯ. ಎಸ್‌ಜಿ90 ಒಂದೊಂದೂ ಹೊರಡುವಾಗ, ಸಿಕ್ಕಿಹಾಕಿಕೊಂಡಾಗ 700 ಮಿಲಿಆಂಪ್ ಹತ್ತಿರ ಎಳೆಯುತ್ತೆ. ಅದೇ ಹೊತ್ತಿಗೆ ವೈಫೈ ಕಳಿಸಿದ್ರೆ ಇಎಸ್‌ಪಿ32ಗೂ ಕೆಲವು ನೂರು ಮಿಲಿಆಂಪ್ ಬೇಕು. ಬೂಸ್ಟ್ ಮಾಡ್ಯೂಲ್ ಕುಸಿಯುತ್ತೆ, ವೋಲ್ಟೇಜ್ ಕುಸಿತ ಗಮನಿಸೋ ಬ್ರೌನ್‌ಔಟ್ ಡಿಟೆಕ್ಟರ್ ರೀಸೆಟ್ ಮಾಡುತ್ತೆ. ಆ ಡಿಟೆಕ್ಟರನ್ನ ಕೋಡಲ್ಲಿ ಆಫ್ ಮಾಡೋ ಸಲಹೆ ಕೇಳಬೇಡಿ, ರೀಸೆಟ್ ಬದಲು ಪ್ರೋಗ್ರಾಂ ಇರೋ ಫ್ಲ್ಯಾಶ್ ಮೆಮೊರಿ ಕೆಡಬಹುದು. ಸೆಲ್ಲನ್ನೇ ಬಿಟ್ಟು 5 ವೋಲ್ಟ್ 2 ಆಂಪ್ ಅಡಾಪ್ಟರ್ ಬಳಸಿ. ಸರ್ವೋದ 5 ವೋಲ್ಟ್ ತಂತಿ ಅಡಾಪ್ಟರಿಂದ ನೇರ ಬರಲಿ, ಬೋರ್ಡ್ ಮೂಲಕ ಬೇಡ. ಗ್ರೌಂಡ್ ಮಾತ್ರ ಎಲ್ಲಕ್ಕೂ ಒಂದೇ. ಸರ್ವೋ ಕನೆಕ್ಟರ್ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪ್ಯಾಸಿಟರ್. ತೆಳು ಯುಎಸ್‌ಬಿ ಕೇಬಲ್ಲಲ್ಲೂ ವೋಲ್ಟೇಜ್ ಬೀಳುತ್ತೆ, ದಪ್ಪದ್ದು ತಗೊಳ್ಳಿ, ಗೋಡೆಯ ಉದ್ದಕ್ಕೂ ಪಿವಿಸಿ ಕೇಸಿಂಗ್ ಒಳಗೆ ಎಳೆಯಿರಿ. ಪವರ್ ಬ್ಯಾಂಕ್ ಬಳಸೋ ಯೋಚನೆ ಇದ್ರೆ ಬಿಡಿ; ಯಂತ್ರ ಮಲಗಿದಾಗ ಕರೆಂಟ್ ಕಡಿಮೆ ಆಗಿ ಬಹಳಷ್ಟು ಪವರ್ ಬ್ಯಾಂಕ್ ತಾವೇ ಆಫ್ ಆಗುತ್ತವೆ.

ಪಿಐಆರ್: ಬೋರ್ಡಿನ ವೈಫೈ ಆಂಟೆನಾದಿಂದ 15 ಸೆಂ.ಮೀ. ದೂರ ಇಡಿ, ಅದರ ಪವರ್ ತಂತಿಗೆ 100 ಓಮ್ ರೆಸಿಸ್ಟರ್ ಮತ್ತು 220 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿ, ಆನ್ ಆದ ಮೊದಲ ಒಂದು ನಿಮಿಷ ಅದರ ಮಾತು ಕೇಳಬೇಡಿ. ಅದನ್ನ ಎಬ್ಬಿಸೋಕೆ ಮಾತ್ರ ಬಳಸಿ. ಪಿಐಆರ್ ಹೇಳಿ, 5 ಸೆಕೆಂಡಿನೊಳಗೆ ದೂರದ ಸೆನ್ಸರೂ ಹೌದು ಅಂದ್ರೆ ಮಾತ್ರ ಆಟ ಶುರು.

ಉತ್ತರ 3: ಹುಬ್ಬಳ್ಳಿ_ಲೇತ್

ಕುಚ್ಚು ತಿರುಗಿಸೂ ಕೋಲಿನ ಲೆಕ್ಕ ಮೊದಲ ಮಾಡ್ರಿ, ಇಲ್ಲಾಂದ್ರ ವಾರಕ್ಕೊಂದು ಸರ್ವೋದ ಗೇರ್ ಹಲ್ಲು ಮುರೀತಾವ.

ಒಂದ ಸರ್ವೋ ಸಾಕು, ಕೋಲು ನೆಲಕ್ಕ ಸಮಾನಾಂತರ ತಿರುಗಬೇಕು. ಕೋಲು 60 ಸೆಂ.ಮೀ., 8 ಗ್ರಾಂ, ತುದಿಗೆ ಕುಚ್ಚು 10 ಗ್ರಾಂ ಅಂತ ಹಿಡೀರಿ. 90 ಡಿಗ್ರಿ 0.3 ಸೆಕೆಂಡಿನಾಗ ಹೋಗಿ ನಿಲ್ಲಬೇಕಂದ್ರ ಹತ್ತಿರಹತ್ತಿರ 3.2 ಕೆ.ಜಿ-ಸೆಂ.ಮೀ. ಟಾರ್ಕ್ (ತಿರುಗಿಸೂ ಬಲ) ಬೇಕು. ಎಸ್‌ಜಿ90 ಕೊಡೂದು 1.8. ಅದ ಕೋಲು 40 ಸೆಂ.ಮೀ., 5 ಗ್ರಾಂ ಮಾಡಿದ್ರ 1.3ಕ್ಕ ಇಳೀತೈತಿ. ಹೊತ್ತು 0.3 ಬದಲಿ 0.5 ಸೆಕೆಂಡ್ ಮಾಡಿದ್ರ ಬರೇ 0.5. ಆಗಲೂ ತುದಿ ಸೆಕೆಂಡಿಗೆ ಸರಾಸರಿ 1.25 ಮೀಟರ್ ಓಡ್ತೈತಿ, ಬೆಕ್ಕಿಗೆ ಅಷ್ಟು ಸಾಕು. ಹಂಗಾಗಿ 40 ಸೆಂ.ಮೀ. ಕೋಲು, ಲೋಹದ ಗೇರಿನ ಎಂಜಿ90ಎಸ್. ದೊಡ್ಡ ಸರ್ವೋ ಹಾಕಬ್ಯಾಡ್ರಿ, ಸದ್ದೂ ಹೆಚ್ಚು, ಪಂಜ ಸಿಕ್ಕರ ಜೋರೂ ಹೆಚ್ಚು.

ಖರೆ ಸಮಸ್ಯೆ ಬೆಕ್ಕು ಹಿಡದ ಎಳದಾಗ. ತುದಿಗೆ 1 ಕೆ.ಜಿ. ಜೋರು ಹಾಕಿದ್ರ ಸರ್ವೋ ಮ್ಯಾಲೆ 40 ಕೆ.ಜಿ-ಸೆಂ.ಮೀ. ಬೀಳ್ತೈತಿ. ಯಾವ ಗೇರೂ ತಡಿಯೂದಿಲ್ಲ. ಅದಕ್ಕ ನಡುವ ಒಂದು ಜಾರೂ ಕ್ಲಚ್ (ಬಲ ಮೀರಿದ್ರ ತಾನ ಜಾರೂ ಜೋಡಣಿ) ಬೇಕು:

ಕೆಳಗಿನ ತಟ್ಟಿ: 60 ಮಿ.ಮೀ. ಅಗಲ, 6 ಮಿ.ಮೀ. ದಪ್ಪ ಅಕ್ರಿಲಿಕ್. ನಡುವ ಸ್ಟೇನ್‌ಲೆಸ್ ಎಂ5 ಬೋಲ್ಟ್, ಅದರ ತಲಿ ಕೆಳಗಿನಿಂದ ತಟ್ಟಿಯೊಳಗ ಹುದುಗಿರಬೇಕು. ಹಾರ್ನ್ (ಶಾಫ್ಟಿಗೆ ಹಾಕೂ ಸಣ್ಣ ತೋಳು) ಮೊದಲ ಸರ್ವೋಕ್ಕ ಬಿಗದು, ಆಮ್ಯಾಲೆ ಈ ತಟ್ಟಿ ಅದರ ಮ್ಯಾಲೆ ಎಂ2 ಸ್ಕ್ರೂದಿಂದ ಕೂಡಸ್ರಿ. ಅದರ ಮ್ಯಾಲೆ 1-2 ಮಿ.ಮೀ. ಉಣ್ಣಿ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟಿ). ಅದರ ಮ್ಯಾಲೆ ಕೋಲು ಹಿಡಿಯೂ ಎರಡನೇ ತಟ್ಟಿ, ವಾಶರ್, ಸ್ಪ್ರಿಂಗ್, ನೈಲಾಕ್ (ತಾನ ಸಡಿಲ ಆಗದ) ನಟ್. ಒತ್ತೂ ಬಲ ಎಲ್ಲಾ ಬೋಲ್ಟಿನೊಳಗ ಉಳೀತೈತಿ, ಸರ್ವೋ ಶಾಫ್ಟಿಗೆ ಭಾರ ಇಲ್ಲ. ಬಾಲ್‌ಪೆನ್ ಸ್ಪ್ರಿಂಗ್ ನಡಿಯೂದಿಲ್ಲ. 1 ಕೆ.ಜಿ-ಸೆಂ.ಮೀ.ಗೆ ಜಾರಬೇಕಂದ್ರ ಈ ಅಗಲಕ್ಕ ಒಂದೂವರಿಯಿಂದ ಎರಡು ಕೆ.ಜಿ. ಒತ್ತೂ ಸ್ಪ್ರಿಂಗ್ ಬೇಕು.

ಹೊಂದಿಸೂದು ಹಿಂಗ: ಕೋಲು ತಗದು ಅದರ ಜಾಗಾದಾಗ ಒಂದು ಸ್ಕೇಲ್ ಬಿಗೀರಿ. ಇಡೀ ಯಂತ್ರ ಮಗ್ಗಲಕ್ಕ ಮಲಗಿಸಿ ಸ್ಕೇಲ್ ಅಡ್ಡ ನಿಲ್ಲಿಸ್ರಿ. ಬೋಲ್ಟಿನಿಂದ 10 ಸೆಂ.ಮೀ. ದೂರ 100 ಗ್ರಾಂ ಅಕ್ಕಿ ಚೀಲ ತೂಗಬಿಟ್ಟಾಗ ನಿಧಾನ ಜಾರಬೇಕು, 60 ಗ್ರಾಂಗೆ ಜಾರಬಾರದು. ಫೆಲ್ಟ್ ಹೊಸದಿದ್ದಾಗ ಒಂದೈವತ್ತು ಸಲ ಜಾರಿಸಿ ಮತ್ತ ಬಿಗೀರಿ, ಮೊದಲು ಒತ್ತಿಕೊಂಡು ಸಡಿಲ ಆಗ್ತೈತಿ.

ಕೋಲಿಗೆ 1 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತಂತಿ, ಮ್ಯಾಲೆ ಹೀಟ್ ಶ್ರಿಂಕ್ ಕೊಳವಿ. ತುದಿ ಉಂಗುರದಂಗ ಮಡಚಿ, ಚೂಪು ಕಣ್ಣಿಗೆ ಹತ್ತಬಾರದು. ಕುಚ್ಚು ನೇರ ಈ ಉಂಗುರಕ್ಕ, ದಾರ ಇಲ್ಲ. ಕೋಲು ಪೆಟ್ಟಿಗಿಯಿಂದ ಹೊರಗ ಬರೂ ಸೀಳು 8 ಮಿ.ಮೀ. ಎತ್ತರ ಇರಲಿ; ಬೆಕ್ಕು ಕೋಲನ್ನ ಕೆಳಗ ಒತ್ತಿದ್ರ ಭಾರ ಸೀಳಿನ ಅಂಚಿಗೆ ಬೀಳಬೇಕು, ಕ್ಲಚ್ಚಿಗೆ ಅಲ್ಲ.

ಬುಡಕ್ಕ 300 ಮಿ.ಮೀ. ಚೌಕ, 18 ಮಿ.ಮೀ. ಪ್ಲೈವುಡ್, ಅದರ ಕೆಳಗ ಮನಿ ಕಟ್ಟಿದಾಗ ಉಳದಿರೂ ಒಂದೆರಡು ಟೈಲ್ಸ್ ಅಂಟಸ್ರಿ, ರಬ್ಬರ್ ಕಾಲು ಹಚ್ರಿ. ಒಟ್ಟು 3 ಕೆ.ಜಿ. ಮ್ಯಾಲಿದ್ರ ಬೆಕ್ಕು ಎಳದ್ರ ಮಗುಚೂದಿಲ್ಲ. 3ಡಿ ಪ್ರಿಂಟ್ ಭಾಗ ಪಿಎಲ್‌ಎ ಪ್ಲಾಸ್ಟಿಕ್ಕಿನಾಗ ಮಾಡಿದ್ರ ಬ್ಯಾಸಗಿ ಬಿಸಲಿಗೆ ಕಿಟಕಿ ಹತ್ರ ಮೆತ್ತಗ ಆಗ್ತಾವ, ಪಿಇಟಿಜಿ ಬಳಸ್ರಿ.

ಬ್ರೆಡ್‌ಬೋರ್ಡ್_ಬಸವನಗುಡಿ

ಎಲ್ಲರಿಗೂ ಧನ್ಯವಾದ. ಲೇಸರ್ ಮತ್ತು ಅಲ್ಟ್ರಾಸಾನಿಕ್ ಎರಡನ್ನೂ ತೆಗೀತಾ ಇದೀನಿ. ಮೂರು ಅನುಮಾನ. ಕ್ಲಚ್ ಜಾರಿದ ಮೇಲೆ ಕೋಲು ಎಲ್ಲಿದೆ ಅಂತ ಸರ್ವೋಗೆ ಗೊತ್ತಾಗಲ್ಲ ಅಲ್ವಾ? ಬೆಕ್ಕು ಹಿಡೀತು ಅನ್ನೋದು ಯಂತ್ರಕ್ಕೆ ತಿಳಿಯೋದು ಹೇಗೆ? ಹಿಡಿದಾಗ ಒಂದೆರಡು ಕಾಳು ಡ್ರೈ ಫುಡ್ ಬೀಳಿಸೋ ಡಬ್ಬಿ ಸೇರಿಸಬೇಕಾ?

ಉತ್ತರ 4: ತಾಮ್ರದ_ತಂತಿ

ಮೊದಲ ಎರಡಕ್ಕೂ ಉತ್ತರ ಒಂದೇ ಬಿಡಿಭಾಗ: ಎಎಸ್5600 ಮ್ಯಾಗ್ನೆಟಿಕ್ ಎನ್‌ಕೋಡರ್, ಅಂದ್ರೆ ಮ್ಯಾಗ್ನೆಟ್ ತಿರುಗಿದ ಕೋನ ಅಳೆಯೋ ಸೆನ್ಸರ್. ನಟ್ ಮೇಲೆ ಕವುಚಿದ ಬಟ್ಟಲಿನ ಆಕಾರದ ಒಂದು ಭಾಗ ಪ್ರಿಂಟ್ ಮಾಡಿ ಮೇಲಿನ ತಟ್ಟೆಗೆ ಸ್ಕ್ರೂ ಮಾಡಿ, ಅದರ ನೆತ್ತಿಯ ನಟ್ಟನಡುವೆ 6 ಮಿ.ಮೀ. ಮ್ಯಾಗ್ನೆಟ್ ಎಪಾಕ್ಸಿಯಲ್ಲಿ ಮುಚ್ಚಿ. ಸೆನ್ಸರ್ ಅದರ ಮೇಲೆ 1-1.5 ಮಿ.ಮೀ. ಅಂತರದಲ್ಲಿ, ಪೆಟ್ಟಿಗೆಯ ಮುಚ್ಚಳದ ಒಳಗೆ. ಮ್ಯಾಗ್ನೆಟ್ ಅಡ್ಡಡ್ಡ ಕಾಂತೀಯವಾಗಿರಬೇಕು, ಅಂದ್ರೆ ಉತ್ತರ-ದಕ್ಷಿಣ ಎರಡೂ ಒಂದೇ ಮುಖದಲ್ಲಿ. ಸಾಮಾನ್ಯ ಬಿಲ್ಲೆ ಮ್ಯಾಗ್ನೆಟ್ ಹಾಕಿದ್ರೆ ತಿರುಗಿಸಿದ್ರೂ ಅಂಕಿ ಬದಲಾಗಲ್ಲ. ವಿಳಾಸ 0ಎಕ್ಸ್36, ದೂರದ ಸೆನ್ಸರುಗಳ ಜೊತೆ ಅದೇ ಎರಡು ತಂತಿಯಲ್ಲಿ ಓಡುತ್ತೆ.

ಇದು ಅಳೆಯೋದು ಕೋಲಿನ ನಿಜವಾದ ಕೋನ. ನೀವು ಹೇಳಿದ ಕೋನಕ್ಕೂ ಇದಕ್ಕೂ 8 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ 100 ಮಿಲಿಸೆಕೆಂಡ್ ಇದ್ರೆ ಬೆಕ್ಕು ಹಿಡಿದಿದೆ ಅಂತ ಅರ್ಥ. ಆದ್ರೆ ಸರ್ವೋ ಹೇಳಿದ ತಕ್ಷಣ ತಲುಪಲ್ಲ. ಗುರಿಯ ಕೋನದ ಜೊತೆ ಹೋಲಿಸಿದ್ರೆ ಪ್ರತಿ ಚಲನೆಯೂ ಹಿಡಿತದ ಹಾಗೆ ಕಾಣುತ್ತೆ. ಅದಕ್ಕೆ ಗುರಿಯನ್ನ 20 ಮಿಲಿಸೆಕೆಂಡಿಗೊಂದು ಸಣ್ಣ ಹೆಜ್ಜೆಯಾಗಿ ಕೊಡ್ತಾ ಹೋಗಿ, ಆ ಹೊತ್ತಿನ ಹೆಜ್ಜೆಯ ಜೊತೆ ಹೋಲಿಸಿ. ಹೀಗೆ ಮಾಡಿದ್ರೆ 0.5 ಸೆಕೆಂಡಿನ ಓಟವೂ ನಯವಾಗುತ್ತೆ, ಗೇರಿಗೆ ಹೊಡೆತ ಇಲ್ಲ.

ಫರ್ಮ್‌ವೇರ್ (ಬೋರ್ಡಲ್ಲಿ ಓಡೋ ಪ್ರೋಗ್ರಾಂ) ಐದು ಸ್ಥಿತಿಗಳಲ್ಲಿ ಬರೀರಿ: ನಿದ್ದೆ, ಕರೆ, ಓಟ, ಹಿಡಿತ, ಮುಕ್ತಾಯ. ಕರೆಯಲ್ಲಿ ಕುಚ್ಚು 5 ಡಿಗ್ರಿಯಷ್ಟು ಮಾತ್ರ ಅಲುಗಲಿ. 30 ಸೆಕೆಂಡಲ್ಲಿ ಬೆಕ್ಕು ಹತ್ತಿರ ಬರದಿದ್ರೆ ಮತ್ತೆ ನಿದ್ದೆ, ಒಂದು ಗಂಟೆ ತನಕ ಕರೆಯಬೇಡಿ. ಓಟದಲ್ಲಿ ಬೆಕ್ಕು ಎಡ ಸೆನ್ಸರಿಗೆ ಹತ್ತಿರ ಇದ್ರೆ ಬಲಕ್ಕೆ, ಬಲಕ್ಕಿದ್ರೆ ಎಡಕ್ಕೆ. ಹಿಡಿತ ಸಿಕ್ಕ ಕೂಡಲೇ ಸರ್ವೋ ಸಿಗ್ನಲ್ ನಿಲ್ಲಿಸಿ, ಬೆಕ್ಕು ಬಿಡೋ ತನಕ ಕಾಯಿರಿ. ಬಿಟ್ಟಿದೆ ಅಂತ ತಿಳಿಯೋದು ಎನ್‌ಕೋಡರ್ 4 ಸೆಕೆಂಡ್ ಅಲ್ಲಾಡದೆ ನಿಂತಾಗ. ಆಮೇಲೆ ಕೋಲನ್ನ ನಿಧಾನ ಒಂದು ತುದಿಯ ಅಡ್ಡಗೂಟಕ್ಕೆ ಒತ್ತಿ, ಕ್ಲಚ್ ಜಾರಲಿ, ಸರ್ವೋ ಮತ್ತು ಕೋಲು ಮತ್ತೆ ಹೊಂದುತ್ತವೆ. ಕೊನೆಯ ಒಂದೂವರೆ ನಿಮಿಷ ವೇಗ ಅರ್ಧಕ್ಕೆ ಇಳಿಸಿ, ಒಂದು ಹಿಡಿತ ಬಿಟ್ಟುಕೊಟ್ಟೇ ಮುಗಿಸಿ.

ಆಟದ ಲೆಕ್ಕಕ್ಕೆ ಬೆಕ್ಕಿನ ಹೆಜ್ಜೆ ಎಣಿಸೋದು ಬೇಡ. ಓಟದ ಸ್ಥಿತಿಯಲ್ಲಿ ದೂರದ ಅಂಕಿ ಸೆಕೆಂಡಿಗೆ 15 ಸೆಂ.ಮೀ.ಗಿಂತ ಹೆಚ್ಚು ಬದಲಾದ ಸೆಕೆಂಡುಗಳು ಎಷ್ಟು, ಹಿಡಿತ ಎಷ್ಟು, ಈ ಎರಡೇ ಅಂಕಿ ಬರೆದಿಡಿ. ಮೊದಲ ವಾರ ಕ್ಯಾಮೆರಾ ಇಟ್ಟು ಹೋಲಿಸಿ, 15 ಅನ್ನೋದನ್ನ ನಿಮ್ಮ ಬೆಕ್ಕಿಗೆ ತಕ್ಕಂತೆ ತಿದ್ದಿ.

ಉತ್ತರ 5: ಪಶುವೈದ್ಯೆ_ಮೈಸೂರು

ಕಾಳಿನ ಡಬ್ಬಿ ನನ್ನ ಪ್ರಕಾರ ಮೊದಲ ಮಾದರಿಗೆ ಬೇಡ. ಹಿಡಿತವೇ ಬಹುಮಾನ. ಲೆಕ್ಕ ನೋಡಿ: 4.5 ಕೆ.ಜಿ. ಬೆಕ್ಕಿನ ವಿಶ್ರಾಂತಿಯ ಶಕ್ತಿಯ ಅಗತ್ಯ ದಿನಕ್ಕೆ ಸುಮಾರು 216 ಕಿಲೋಕ್ಯಾಲೊರಿ. ತಿನಿಸು ಅದರ ಹತ್ತನೇ ಒಂದು ಭಾಗ ಮೀರಬಾರದು, ಅಂದರೆ 20 ಚಿಲ್ಲರೆ. ಡ್ರೈ ಫುಡ್ಡಿನಲ್ಲಿ ಅದು ಹತ್ತಿರಹತ್ತಿರ 5 ಗ್ರಾಂ. ನಾಲ್ಕು ಆಟಕ್ಕೆ ಹಂಚಿದರೆ ಸಲಕ್ಕೆ ಒಂದು ಗ್ರಾಂ ಚಿಲ್ಲರೆ, ಅಷ್ಟು ಸಣ್ಣ ಪ್ರಮಾಣವನ್ನು ಮನೆಯಲ್ಲಿ ಮಾಡಿದ ಡಬ್ಬಿ ನಿಖರವಾಗಿ ಬೀಳಿಸುವುದು ಕಷ್ಟ. ಮಂಗಳೂರು ಕಡೆಯ ಮಳೆಗಾಲದಲ್ಲಂತೂ ಕಾಳು ಮೆತ್ತಗಾಗಿ ಸಿಕ್ಕಿಕೊಳ್ಳುತ್ತದೆ. ಕೊಡಲೇಬೇಕೆಂದಿದ್ದರೆ ದಿನದ ಊಟದಿಂದ ಅಳೆದು ತೆಗೆದದ್ದನ್ನೇ ಕೊಡಿ.

ತೂಕ ಇಳಿಸುವುದರಲ್ಲಿ ಹೆಚ್ಚಿನ ಕೆಲಸ ಊಟದ ಅಳತೆಯದು. ಆಟ ಸ್ನಾಯುವನ್ನೂ ಉತ್ಸಾಹವನ್ನೂ ಉಳಿಸುತ್ತದೆ. ವಾರಕ್ಕೆ ದೇಹತೂಕದ ಶೇ. 0.5ರಿಂದ 2ರಷ್ಟು ಇಳಿದರೆ ಸರಿ, ನಿಮ್ಮ ಬೆಕ್ಕಿಗೆ 26ರಿಂದ 104 ಗ್ರಾಂ. ಅದಕ್ಕಿಂತ ವೇಗ ಬೇಡ. ದಪ್ಪ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು. ಡಬ್ಬಿಯ ಬದಲು ಊಟದ ಬಟ್ಟಲ ಮುಂದೆ ಲೋಡ್ ಸೆಲ್ (ತೂಕದ ಸೆನ್ಸರ್) ಮತ್ತು ಅದರ ಅಂಕಿ ಓದುವ ಎಚ್‌ಎಕ್ಸ್711 ಇರುವ ಹಲಗೆ ಇಡಿ; ಬೆಕ್ಕು ಅಲುಗದೆ ನಿಂತಾಗಿನ ಅಂಕಿಗಳ ನಡುಬೆಲೆ ತೆಗೆದು ವಾರದ ಸರಾಸರಿ ನೋಡಿ.

ಉತ್ತರ 6: ಹುಬ್ಬಳ್ಳಿ_ಲೇತ್

ಬೆಕ್ಕಿನ ಮುಂದ ಇಡೂಕಿಂತ ಮೊದಲ ಖಾಲಿ ಕ್ವಾಣ್ಯಾಗ ಒಂದು ದಿನಾ ಪೂರ್ತಿ ಓಡಸ್ರಿ. ನಡುನಡುವ ಕೋಲಿಗೆ ಒಂದು ಡಬ್ಬಿ ಅಡ್ಡ ಇಟ್ಟು ಕ್ಲಚ್ ಜಾರೂಹಂಗ ಮಾಡ್ರಿ, ಸರ್ವೋ ಮುಟ್ಟಿ ನೋಡ್ರಿ, ಕೈ ಸುಡೂವಷ್ಟು ಕಾದಿದ್ರ ಹಿಡಿತ ಗುರುತಿಸೂ ಕೋಡ್ ತಡ ಮಾಡಾಕತ್ತೈತಿ. ಕುಚ್ಚಿಗೆ 5 ಕೆ.ಜಿ. ತೂಗಬಿಟ್ಟು ಏನು ಕಿತ್ತು ಬರ್ತೈತಿ ನೋಡ್ರಿ. ಗರಿಯ ಚೂರು, ಉಂಗುರ, ಸ್ಕ್ರೂ ಯಾವುದು ಕಿತ್ತು ಬಂದರೂ ಅದು ಬೆಕ್ಕಿನ ಹೊಟ್ಟಿಗೇ ಹೋಗೂದು, ಆ ಜೋಡಣಿ ಬದಲಿಸ್ರಿ. ಆಟ ಮುಗದ ಮ್ಯಾಲೆ ಕೋಲು ಕುಚ್ಚು ಸಮೇತ ಪೆಟ್ಟಿಗಿಯ ಮಗ್ಗಲ ಗೂಡಿನೊಳಗ ಹೋಗಿ ನಿಲ್ಲೂಹಂಗ ಇಡ್ರಿ. ಯಂತ್ರ ಮಲಗಿದಾಗ ಬೆಕ್ಕಿಗೆ ಅಗಿಯಾಕ ಏನೂ ಸಿಗಬಾರದು.